ಮಿದುಳಿನೊಳಗೆ ಕೊನೆಯ ಮಾತು ಯಾರದ್ದು?

ನರಕೋಶಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗಿವೆ: ಮಿದುಳು ನಿರ್ಧಾರ ಮಾಡುವುದು ಹೇಗೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. "ನನ್ನ ಮಗ ಯಾವ ಕೋರ್ಸಿಗೆ ಸೇರಿದರೆ ಒಳ್ಳೆಯದು" ಅಂತ ಕೇಳಿದವರು ಮಾತ್ರ ದಯವಿಟ್ಟು ಮಗನನ್ನೇ ಕೇಳಿ.

ಪ್ರಶ್ನೆ: ಮಿದುಳಿನಲ್ಲಿ ಸಾವಿರಾರು ಕೋಟಿ ನರಕೋಶಗಳಿವೆ ಅಂತೀರಿ. ಅಷ್ಟೂ ಜನ ಸೇರಿ ಒಂದು ತೀರ್ಮಾನಕ್ಕೆ ಬರುವುದು ಹೇಗೆ ಸಾರ್? ಎಲ್ಲರ ಮೇಲೆ ಒಬ್ಬ ಯಜಮಾನ ಇರಲೇಬೇಕಲ್ವಾ?
*(ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು)*

ಇಲ್ಲ ಮೇಷ್ಟ್ರೇ, ಅಂಥ ಯಜಮಾನ ಕೋಶ ಇಲ್ಲ. ಇದ್ದಿದ್ದರೆ ಕಷ್ಟವೇ ಆಗುತ್ತಿತ್ತು. ನರಕೋಶಗಳು ಸಾಯುತ್ತವೆ. ಆ ಒಂದು ಕೋಶ ಸತ್ತ ದಿನ ನಾವು ನಿಂತಲ್ಲೇ ನಿಂತುಬಿಡಬೇಕಿತ್ತು.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಒಂದನ್ನು ಮಾತ್ರ ಹಿಡಿದು ನೋಡೋಣ. ಅದಕ್ಕೆ ಬೇರೆ ಸಾವಿರಾರು ಕೋಶಗಳಿಂದ ಸಂದೇಶ ಬರುತ್ತಲೇ ಇರುತ್ತದೆ. ಕೆಲವು "ಹೂಂ, ಏಳು" ಎನ್ನುತ್ತವೆ, ಕೆಲವು "ಬೇಡ, ಸುಮ್ನಿರು" ಎನ್ನುತ್ತವೆ. ಸುಮ್ಮನಿರುವಾಗ ಕೋಶದ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಹೂಂಗಳ ಸಂಖ್ಯೆ ಜಾಸ್ತಿಯಾಗಿ ಅದು ಮೈನಸ್ 55ರ ಆಸುಪಾಸಿಗೆ ಏರಿತೋ, ಕೋಶದಿಂದ ಒಂದು ಪುಟ್ಟ ವಿದ್ಯುತ್ ಮಿಡಿತ ಹೊರಡುತ್ತದೆ. ಒಂದು ಮಿಲಿಸೆಕೆಂಡಿನ ಆಟ. ಅಲ್ಲಿಗೆ ಏರಲಿಲ್ಲವೋ, ಏನೂ ಇಲ್ಲ. ಅರ್ಧ ಮಿಡಿತ ಎಂಬುದು ಇಲ್ಲವೇ ಇಲ್ಲ.

ಅಂದರೆ ಒಂದೊಂದು ಕೋಶವೂ ಕ್ಷಣಕ್ಷಣಕ್ಕೆ ಪುಟ್ಟ ನಿರ್ಧಾರ ಮಾಡುತ್ತಲೇ ಇರುತ್ತದೆ. ಆದರೆ ಒಂದೇ ಕೋಶವನ್ನು ನಂಬಿ ಕೂರುವ ಹಾಗಿಲ್ಲ. ಅದೇ ಚಿತ್ರವನ್ನು ಎರಡು ಸಲ ತೋರಿಸಿದರೆ ಒಮ್ಮೆ ಹೆಚ್ಚು ಸಲ ಮಿಡಿಯುತ್ತದೆ, ಇನ್ನೊಮ್ಮೆ ಕಡಿಮೆ ಸಲ. ಒಬ್ಬನ ಮಾತು ನಂಬಲು ಆಗದಿದ್ದರೆ ಏನು ಮಾಡುತ್ತೇವೆ? ನಾಲ್ಕು ಜನರನ್ನು ಕೇಳುತ್ತೇವೆ, ಸ್ವಲ್ಪ ಹೊತ್ತು ಕಾದು ಮತ್ತೆ ಕೇಳುತ್ತೇವೆ. ಮಿದುಳು ಮಾಡುವುದೂ ಇದನ್ನೇ.

ಇದನ್ನು ತೋರಿಸಿಕೊಟ್ಟದ್ದು ಒಂದು ಬಹಳ ಸರಳವಾದ ಪ್ರಯೋಗ. ಅಮೆರಿಕದ ವಿಲಿಯಂ ನ್ಯೂಸಮ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಶುರು ಮಾಡಿದ್ದು. ಮಂಗವೊಂದರ ಮುಂದೆ ಪರದೆ ಇಡುತ್ತಾರೆ. ಪರದೆಯ ಮೇಲೆ ಚುಕ್ಕಿಗಳು ಮಿಣಮಿಣ ಓಡಾಡುತ್ತಿರುತ್ತವೆ. ಹೆಚ್ಚಿನವು ಅಡ್ಡಾದಿಡ್ಡಿ, ಕೆಲವು ಮಾತ್ರ ಒಂದೇ ದಿಕ್ಕಿಗೆ, ಬಲಕ್ಕೆ ಅಂತ ಇಟ್ಟುಕೊಳ್ಳಿ. ಮಂಗ ಒಟ್ಟಾರೆ ಹರಿವು ಎತ್ತ ಕಡೆ ಎಂದು ಊಹಿಸಿ ಆ ಕಡೆಗೆ ಕಣ್ಣು ತಿರುಗಿಸಬೇಕು. ಸರಿಯಾದರೆ ಕುಡಿಯಲು ಸ್ವಲ್ಪ ಸಿಗುತ್ತದೆ. ಒಂದೇ ದಿಕ್ಕಿಗೆ ಹೋಗುವ ಚುಕ್ಕಿಗಳ ಪ್ರಮಾಣ ಕಡಿಮೆ ಮಾಡುತ್ತಾ ಹೋದರೆ ಪ್ರಶ್ನೆ ಕಷ್ಟವಾಗುತ್ತಾ ಹೋಗುತ್ತದೆ. ಅಷ್ಟೇ ಪ್ರಯೋಗ. ಇದರಿಂದ ನಲವತ್ತು ವರ್ಷದ ವಿಜ್ಞಾನ ಹೊರಬಂದಿದೆ ಅಂದರೆ ನಂಬುವುದು ಕಷ್ಟ.

ಮಿದುಳಿನ ಹಿಂಭಾಗದ ಕಡೆ ಎಂಟಿ ಎಂದು ಕರೆಯುವ ಒಂದು ಪುಟ್ಟ ಪ್ರದೇಶವಿದೆ. ಅಲ್ಲಿನ ಕೋಶಗಳಿಗೆ ಚಲನೆ ಎಂದರೆ ಇಷ್ಟ. ಒಂದು ಗುಂಪು ಬಲಕ್ಕೆ ಹೋಗುವುದನ್ನು ಕಂಡರೆ ಜೋರಾಗಿ ಮಿಡಿಯುತ್ತದೆ, ಇನ್ನೊಂದು ಎಡಕ್ಕೆ ಹೋಗುವುದನ್ನು ಕಂಡರೆ. 1990ರಲ್ಲಿ ನ್ಯೂಸಮ್ ತಂಡ ಒಂದು ಗುಂಪಿಗೆ ಮಾತ್ರ ತುಂಬಾ ಸಣ್ಣ ಪ್ರಮಾಣದ ಕರೆಂಟ್ ಕೊಟ್ಟು ನೋಡಿತು. ಮಂಗದ ಉತ್ತರ ಆ ಗುಂಪು ಇಷ್ಟಪಡುವ ದಿಕ್ಕಿನ ಕಡೆಗೇ ವಾಲಿತು. ಪರದೆಯ ಮೇಲಿನ ಚುಕ್ಕಿಗಳು ಬದಲಾಗಲಿಲ್ಲ, ಉತ್ತರ ಬದಲಾಯಿತು. ಸುಮ್ನೆ ಜೊತೆಜೊತೆಗೆ ಮಿಡಿಯುವುದಲ್ಲ, ಆ ಕೋಶಗಳ ಮಾತಿಗೆ ನಿಜಕ್ಕೂ ತೂಕ ಇದೆ ಅಂತ ಇದರಿಂದ ಗೊತ್ತಾಯಿತು.

ಇನ್ನೂ ಸ್ವಾರಸ್ಯ ಇರುವುದು ಮುಂದಿನ ಹಂತದಲ್ಲಿ. ಎಂಟಿ ಕೋಶಗಳು ಈ ಕ್ಷಣ ಏನು ಕಾಣುತ್ತಿದೆಯೋ ಅದನ್ನಷ್ಟೇ ಹೇಳುತ್ತವೆ, ಕೂಡಿಡುವುದಿಲ್ಲ. ನೆತ್ತಿಯ ಹಿಂಬದಿಗಿರುವ ಎಲ್ಐಪಿ ಎಂಬ ಇನ್ನೊಂದು ಪ್ರದೇಶದಲ್ಲಿ ಮೈಕಲ್ ಶಾಡ್ಲೆನ್ ಮತ್ತು ನ್ಯೂಸಮ್ ಬೇರೆ ರೀತಿಯ ಕೋಶಗಳನ್ನು ಕಂಡರು. ಇವುಗಳ ಮಿಡಿತ ನಿಧಾನಕ್ಕೆ ಏರುತ್ತಾ ಹೋಗುತ್ತದೆ, ಯಾರೋ ಲೆಕ್ಕ ಕೂಡಿಸುತ್ತಿರುವ ಹಾಗೆ. ಚುಕ್ಕಿಗಳು ಸ್ಪಷ್ಟವಾಗಿ ಒಂದೇ ಕಡೆ ಹೋಗುತ್ತಿದ್ದರೆ ಏರಿಕೆ ಕಡಿದು, ಗೊಂದಲವಿದ್ದರೆ ಏರಿಕೆ ನಿಧಾನ. 2002ರಲ್ಲಿ ಜೇಮೀ ರಾಯ್ಟ್‌ಮನ್ ಮತ್ತು ಶಾಡ್ಲೆನ್ ಮಂಗಕ್ಕೆ "ನಿನಗೆ ಯಾವಾಗ ಸಾಕು ಅನಿಸುತ್ತದೋ ಆಗ ಉತ್ತರಿಸು" ಎಂಬ ಸ್ವಾತಂತ್ರ್ಯ ಕೊಟ್ಟರು. ಪ್ರಶ್ನೆ ಸುಲಭವೋ ಕಷ್ಟವೋ, ಬೇಗ ಉತ್ತರಿಸಿತೋ ತಡವಾಗಿಯೋ, ಕಣ್ಣು ತಿರುಗುವುದಕ್ಕೆ ಸುಮಾರು 70 ಮಿಲಿಸೆಕೆಂಡು ಮುಂಚೆ ಆ ಕೋಶಗಳ ಮಿಡಿತ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದಿರುತ್ತಿತ್ತು. ಅಲ್ಲೊಂದು ಗೆರೆ ಎಳೆದ ಹಾಗೆ. ಗೆರೆ ಮುಟ್ಟಿತು, ನಿರ್ಧಾರ ಆಯಿತು.

ಮಜಾ ಏನೆಂದರೆ, ಈ ಗೆರೆಯ ಲೆಕ್ಕ ಮಿದುಳಿನಲ್ಲಿ ಕಾಣುವ ಮೊದಲೇ ಕಾಗದದ ಮೇಲೆ ಇತ್ತು. 1978ರಲ್ಲಿ ರೋಜರ್ ರಾಟ್‌ಕ್ಲಿಫ್ ಎಂಬ ಮನಶ್ಶಾಸ್ತ್ರಜ್ಞ ಮನುಷ್ಯರು ಉತ್ತರಿಸಲು ತೆಗೆದುಕೊಳ್ಳುವ ಸಮಯವನ್ನು ವಿವರಿಸಲು ಇಂಥದ್ದೇ ಸೂತ್ರ ಬರೆದಿದ್ದರು. ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಎನಿಗ್ಮಾ ಗುಪ್ತಲಿಪಿ ಬಿಡಿಸುತ್ತಿದ್ದ ಅಲನ್ ಟ್ಯೂರಿಂಗ್, ಸಿಕ್ಕ ಸುಳಿವುಗಳಿಗೆ ಒಂದೊಂದಕ್ಕೂ ತೂಕ ಕೊಟ್ಟು ಕೂಡುತ್ತಾ ಹೋಗಿ, ಇಷ್ಟಾದರೆ ಸಾಕು ಎಂದು ನಿಲ್ಲಿಸುವ ವಿಧಾನ ಕಟ್ಟಿದ್ದರು. ಟ್ಯೂರಿಂಗ್ ಅವರದ್ದೂ ಮಂಗದ ಮಿದುಳಿನದ್ದೂ ಒಂದೇ ಥರದ ಲೆಕ್ಕ ಅಂತ ಶಾಡ್ಲೆನ್ ಮತ್ತು ಜೋಶುವಾ ಗೋಲ್ಡ್ ಆಮೇಲೆ ತೋರಿಸಿದರು.

ಆದ್ದರಿಂದ ಮೇಷ್ಟ್ರೇ, ಯಾರು ನಿರ್ಧರಿಸುತ್ತಾರೆ ಅಂತ ಕೇಳಿದರೆ ಕೊನೆಯಿಲ್ಲದ ಹುಡುಕಾಟ. ಯಜಮಾನ ಸಿಕ್ಕಿದ ಅಂತಲೇ ಇಟ್ಟುಕೊಳ್ಳಿ, ಅವನ ತಲೆಯೊಳಗೆ ಯಾರಿದ್ದಾರೆ ಅಂತ ಮತ್ತೆ ಕೇಳಬೇಕಲ್ಲ? ಎಷ್ಟು ಪುರಾವೆ ಸಿಕ್ಕರೆ ಸಾಕು ಅಂತ ಕೇಳಿ ನೋಡಿ, ಅದಕ್ಕೆ ಉತ್ತರ ಸಿಗುತ್ತದೆ.

ಪ್ರಶ್ನೆ: ಎರಡೂ ಕಡೆ ಪುರಾವೆ ಸರಿಸಮ ಇದ್ದರೆ? ಗೆರೆ ಯಾರೂ ಮುಟ್ಟುವುದೇ ಇಲ್ಲ, ಮಂಗ ನೋಡುತ್ತಾ ಕೂತಿರಬೇಕಲ್ಲವೇ?
*(ಇಂಜಿನಿಯರಿಂಗ್ ವಿದ್ಯಾರ್ಥಿ)*

ಚೆನ್ನಾಗಿ ಕೇಳಿದಿರಿ. ಪ್ರಯೋಗದಲ್ಲಿ ಇದನ್ನೂ ಮಾಡಿ ನೋಡಿದ್ದಾರೆ. ಒಂದೇ ಒಂದು ಚುಕ್ಕಿಯೂ ಒಟ್ಟಿಗೆ ಹೋಗದ ಹಾಗೆ, ಪೂರ್ತಿ ಅಡ್ಡಾದಿಡ್ಡಿ ಇಟ್ಟರು. ಸರಿ ಉತ್ತರವೇ ಇಲ್ಲ. ಮಂಗ ಹೆಚ್ಚು ಹೊತ್ತು ತೆಗೆದುಕೊಂಡಿತು, ಆದರೆ ಉತ್ತರ ಕೊಟ್ಟೇ ಕೊಟ್ಟಿತು. ಹೆಚ್ಚುಕಡಿಮೆ ಅರ್ಧ ಸಲ ಎಡ, ಅರ್ಧ ಸಲ ಬಲ.

ಹೇಗೆ ಎಂಬುದಕ್ಕೆ ಎರಡು ಕಾರಣ. ಮೊದಲನೆಯದು ಗದ್ದಲ. ನರಕೋಶಗಳ ಮಿಡಿತ ಯಾವತ್ತೂ ಗಡಿಯಾರದಷ್ಟು ಕರಾರುವಾಕ್ಕಾಗಿ ಇರುವುದಿಲ್ಲ ಅಂದೆನಲ್ಲ, ಆ ಏರುಪೇರಿನಲ್ಲೇ ಒಂದು ಕಡೆ ಒಂದು ಕೂದಲೆಳೆಯಷ್ಟು ಮುಂದೆ ಬರುತ್ತದೆ. ಎರಡನೆಯದು, ಆ ಕೂದಲೆಳೆಯನ್ನು ದೊಡ್ಡದು ಮಾಡುವ ವ್ಯವಸ್ಥೆ. ಶಾವ್-ಜಿಂಗ್ ವಾಂಗ್ ಎಂಬ ವಿಜ್ಞಾನಿ 2002ರಲ್ಲಿ ಕಂಪ್ಯೂಟರಿನಲ್ಲಿ ಇಂಥ ಜಾಲವೊಂದನ್ನು ಕಟ್ಟಿ ತೋರಿಸಿದರು. ಎಡದ ಗುಂಪಿನ ಕೋಶಗಳು ತಮ್ಮತಮ್ಮಲ್ಲೇ ಒಬ್ಬರನ್ನೊಬ್ಬರು ಹುರಿದುಂಬಿಸುತ್ತವೆ, ಬಲದ ಗುಂಪೂ ಹಾಗೇ. ಎರಡೂ ಗುಂಪುಗಳು, ತಡೆಯುವುದೇ ಕೆಲಸವಾಗಿರುವ ಇನ್ನೊಂದು ಬಗೆಯ ಕೋಶಗಳ ಮೂಲಕ, ಎದುರಾಳಿಯನ್ನು ಅದುಮುತ್ತವೆ. ಹಗ್ಗ ಜಗ್ಗಾಟವನ್ನು ನೆನಪಿಸಿಕೊಳ್ಳಿ, ಆದರೆ ಒಂದು ವ್ಯತ್ಯಾಸದೊಂದಿಗೆ: ಇಲ್ಲಿ ಒಂದು ಕಡೆ ಒಂದು ಅಂಗುಲ ಎಳೆದುಕೊಂಡ ತಕ್ಷಣ ಅವರ ಬಲ ಹೆಚ್ಚುತ್ತದೆ, ಎದುರಿನವರ ಕೈ ಸಡಿಲವಾಗುತ್ತದೆ. ಹಾಗಾಗಿ ಸಮಬಲ ಎನ್ನುವುದು ಬಹಳ ಹೊತ್ತು ನಿಲ್ಲುವುದಿಲ್ಲ. ಕೊನೆಗೆ ಒಂದು ಗುಂಪು ಜೋರು, ಇನ್ನೊಂದು ಪೂರ್ತಿ ತೆಪ್ಪಗೆ.

ಇಷ್ಟು ಹೊತ್ತು ಕೂಡಿಡಲು ಆಗುವುದು ಹೇಗೆ ಎಂಬುದೂ ಇಂಜಿನಿಯರ್‌ಗೆ ಬರಬೇಕಾದ ಅನುಮಾನ. ಒಂದು ಮಿಡಿತ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ನಿರ್ಧಾರಕ್ಕೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬೇಕು. ವಾಂಗ್ ಅವರ ಮಾದರಿಯಲ್ಲಿ ಈ ಕೆಲಸ ಎನ್‌ಎಂಡಿಎ ಎಂಬ ಗ್ರಾಹಕಗಳದ್ದು, ಅಂದರೆ ಕೋಶದ ಮೇಲೆ ಸಂದೇಶ ಹಿಡಿಯುವ ಪುಟ್ಟ ಬಾಗಿಲುಗಳದ್ದು (ರಿಸೆಪ್ಟರ್). ಅವು ಒಮ್ಮೆ ತೆರೆದರೆ ಬೇಗ ಮುಚ್ಚಿಕೊಳ್ಳುವುದಿಲ್ಲ, ನಿಧಾನಕ್ಕೆ ಆರುತ್ತವೆ. ಹಿಂದಿನ ಮಿಡಿತದ ಪರಿಣಾಮ ಪೂರ್ತಿ ಆರುವ ಮುಂಚೆ ಮುಂದಿನದು ಬಂದು ಅದರ ಮೇಲೆ ಕೂರುತ್ತದೆ. ಅದೇ ಗುಂಪಿನ ಗೆಳೆಯ ಕೋಶಗಳು ಮತ್ತೆ ಮತ್ತೆ ಕೆಣಕುತ್ತಾ ಇರುವುದರಿಂದ ಜಾಲದ ಲೆಕ್ಕ ಹಾಗೇ ಜೀವಂತ ಇರುತ್ತದೆ.

ಅಂದಹಾಗೆ ಗದ್ದಲವನ್ನು ನಾವು ದೋಷ ಅಂತ ಬಯ್ಯುತ್ತೇವೆ. ನನಗೇನೋ ಅದು ಉಪಕಾರಿ ಅನಿಸುತ್ತದೆ. ಅದಿಲ್ಲದಿದ್ದರೆ ಸರಿಸಮ ಇದ್ದಾಗ ನಿಜಕ್ಕೂ ಸಿಕ್ಕಿಹಾಕಿಕೊಳ್ಳುತ್ತಿದ್ದೆವು.

ಪ್ರಶ್ನೆ: ಹುಳ ಹುಪ್ಪಟೆಗಳಿಗೂ ನಿರ್ಧಾರ ಅಂತ ಇರುತ್ತದೆಯೇ, ಅಥವಾ ಅವು ಯಂತ್ರದ ಹಾಗೆ ನಡೆದುಕೊಳ್ಳುತ್ತವೆಯೇ?
*(ಗೃಹಿಣಿಯೊಬ್ಬರು)*

ಇರುತ್ತದೆ, ಮತ್ತು ನಮ್ಮದಕ್ಕಿಂತ ಅವುಗಳದ್ದನ್ನು ಬಿಡಿಸಿ ನೋಡುವುದು ಸುಲಭ.

ಜಿಗಣೆಯನ್ನು ತೆಗೆದುಕೊಳ್ಳಿ. ಅದರ ಮೈಯ ಒಂದೇ ಜಾಗದಲ್ಲಿ ಒಂದೇ ರೀತಿ ಪ್ರಚೋದಿಸಿದರೂ ಕೆಲವೊಮ್ಮೆ ಈಜುತ್ತದೆ, ಕೆಲವೊಮ್ಮೆ ತೆವಳುತ್ತದೆ. ಯಂತ್ರವಾಗಿದ್ದರೆ ಪ್ರತಿ ಸಲ ಒಂದೇ ಉತ್ತರ ಬರಬೇಕಿತ್ತು. ಜಿಗಣೆಯ ನರಮಂಡಲದ ಒಂದೊಂದು ಗಂಟಿನಲ್ಲಿ ಇರುವುದು ಸುಮಾರು 400 ಕೋಶಗಳು. ಕೆವಿನ್ ಬ್ರಿಗ್‌ಮನ್, ವಿಲಿಯಂ ಕ್ರಿಸ್ಟನ್ ಮತ್ತು ಜೊತೆಗಾರರು 2005ರಲ್ಲಿ ವೋಲ್ಟೇಜ್‌ಗೆ ತಕ್ಕಂತೆ ಹೊಳಪು ಬದಲಿಸುವ ಬಣ್ಣ ಹಚ್ಚಿ, ಹತ್ತಾರು ಕೋಶಗಳನ್ನು ಒಟ್ಟಿಗೆ ಗಮನಿಸಿದರು. ಈಜುವುದೋ ತೆವಳುವುದೋ ಎಂಬುದು ಯಾವುದೇ ಒಂಟಿ ಕೋಶದಲ್ಲಿ ಗೊತ್ತಾಗುವ ಮೊದಲೇ ಗುಂಪಿನ ಒಟ್ಟು ನಡವಳಿಕೆಯಲ್ಲಿ ಗೊತ್ತಾಗಿಬಿಡುತ್ತಿತ್ತು. ಆಮೇಲೆ 208 ಎಂಬ ನಂಬರಿನ ಒಂದು ಕೋಶವನ್ನು ಕರೆಂಟ್ ಕೊಟ್ಟು ಅಲುಗಾಡಿಸಿದಾಗ ಜಿಗಣೆಯ ಆಯ್ಕೆ ಒಂದು ಕಡೆಗೆ ವಾಲಿತು. ವಾಲಿಸಿತು ಅಷ್ಟೇ, ಆ ಕೋಶವೇ ಯಜಮಾನ ಎಂದಲ್ಲ.

ಮೀನಿನಲ್ಲಿ ಮಾತ್ರ ಯಜಮಾನನಿಗೆ ತೀರಾ ಹತ್ತಿರದ್ದೊಂದು ಇದೆ. ಮೌಥ್ನರ್ ಕೋಶ ಅಂತ, ಎಡಕ್ಕೊಂದು ಬಲಕ್ಕೊಂದು, ಭಾರೀ ಗಾತ್ರದವು. ಏನೋ ಧಡ್ ಎಂದು ಸದ್ದಾಯಿತು ಅಂದರೆ ಸದ್ದಿನ ಕಡೆಯ ಕೋಶ ಒಂದೇ ಒಂದು ಸಲ ಮಿಡಿಯುತ್ತದೆ. ಆ ಒಂದು ಮಿಡಿತಕ್ಕೆ ಎದುರು ಬದಿಯ ಸ್ನಾಯುಗಳೆಲ್ಲ ಬಿಗಿದು, ಮೀನು ಬಿಲ್ಲಿನ ಹಾಗೆ ಬಾಗಿ ಚಿಮ್ಮಿ ಪಾರಾಗುತ್ತದೆ. ಸದ್ದಿಗೂ ಚಿಮ್ಮುವುದಕ್ಕೂ ನಡುವೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು. ಎರಡೂ ಕೋಶ ಒಟ್ಟಿಗೆ ಮಿಡಿದರೆ ಮೀನು ಎತ್ತಲೂ ಬಾಗದೆ ಶತ್ರುವಿನ ಬಾಯಿಗೆ ಹೋದೀತು, ಹಾಗಾಗಿ ಒಂದು ಮಿಡಿದ ತಕ್ಷಣ ಇನ್ನೊಂದನ್ನು ಅದುಮುವ ವ್ಯವಸ್ಥೆಯೂ ಇದೆ. ಇಲ್ಲಿ ಪುರಾವೆ ಕೂಡಿಸುತ್ತಾ ಕೂರಲು ಪುರುಸೊತ್ತಿಲ್ಲ. ಅಷ್ಟಾದರೂ, ಮೌಥ್ನರ್ ಕೋಶ ಇಲ್ಲದೆ ಹೋದರೂ ಮೀನು ತಪ್ಪಿಸಿಕೊಳ್ಳಬಲ್ಲದು, ಸ್ವಲ್ಪ ತಡವಾಗಿ. ಪಕ್ಕದ ಬೇರೆ ಕೋಶಗಳು ಆ ಕೆಲಸ ಮಾಡುತ್ತವೆ.

ಪ್ರಶ್ನೆ: ಎಡ ಮಿದುಳಿನವರು ಲೆಕ್ಕಾಚಾರದಿಂದ, ಬಲ ಮಿದುಳಿನವರು ಭಾವನೆಯಿಂದ ನಿರ್ಧರಿಸುತ್ತಾರಂತೆ. ನಾನು ಯಾವ ಕಡೆಯವಳು ಅಂತ ತಿಳಿಯುವುದು ಹೇಗೆ?

ಎರಡೂ ಕಡೆಯವರು. ಭಾಷೆಯಂಥ ಕೆಲವು ಕೆಲಸಗಳು ಒಂದು ಕಡೆಗೆ ಹೆಚ್ಚು ವಾಲಿವೆ ಎಂಬುದು ನಿಜ. ಆದರೆ ಎಡದವರು, ಬಲದವರು ಅಂತ ಮನುಷ್ಯರಲ್ಲಿ ಎರಡು ಜಾತಿ ಇಲ್ಲ. 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ಪರಿಶೀಲಿಸಿದಾಗಲೂ ಅಂಥದ್ದೇನೂ ಸಿಗಲಿಲ್ಲ. ಅದನ್ನು ಹೇಳುವ ಕ್ವಿಜ್‌ಗಳಿಗೆ ನಿಮ್ಮ ಸಮಯ ಕೊಡಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಒಂದು ಅಂಗಿ ಆರಿಸಲು ಒಂದು ಗಂಟೆ ತೆಗೆದುಕೊಳ್ಳುತ್ತಾರೆ. ನಾನು ಎರಡೇ ನಿಮಿಷ. ಅವರ ಮಿದುಳು ನಿಧಾನವೋ, ನನ್ನದು ಅವಸರವೋ ಹೇಳಿ ಮೇಡಂ, ಮನೆಯಲ್ಲಿ ಜಗಳ ಆಗುತ್ತಿದೆ.

ಮೊದಲಿಗೆ, ನಾನು ಮೇಡಂ ಅಲ್ಲ, ಸಾರ್. ಎರಡನೆಯದಾಗಿ, ಇಬ್ಬರ ಮಿದುಳೂ ಸರಿಯಾಗಿಯೇ ಇದೆ, ಗೆರೆಯ ಎತ್ತರ ಬೇರೆ ಅಷ್ಟೇ.

ಮೇಲೆ ಹೇಳಿದ ಆ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ. ಗೆರೆ ಮೇಲಿಟ್ಟರೆ ಹೆಚ್ಚು ಪುರಾವೆ ಬೇಕು, ತಡವಾಗುತ್ತದೆ, ತಪ್ಪು ಕಡಿಮೆ. ಕೆಳಗಿಟ್ಟರೆ ಬೇಗ ಮುಗಿಯುತ್ತದೆ, ತಪ್ಪು ಜಾಸ್ತಿ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಪ್ರಯೋಗಗಳಲ್ಲಿ ಜನರಿಗೆ "ಬೇಗ" ಅಂದರೆ ಗೆರೆ ತಾನಾಗಿ ಇಳಿಯುತ್ತದೆ, "ತಪ್ಪಾಗಬಾರದು" ಅಂದರೆ ಏರುತ್ತದೆ. ಹೊತ್ತು ಕಳೆದಂತೆ ಒಳಗಿನಿಂದಲೇ ಒಂದು ಆತುರ ಹುಟ್ಟಿ, ಇದ್ದಷ್ಟು ಪುರಾವೆಯಲ್ಲೇ ಮುಗಿಸು ಎಂದು ತಳ್ಳುತ್ತದೆ ಅಂತಲೂ ಹಲವು ವಿಜ್ಞಾನಿಗಳು ಹೇಳುತ್ತಾರೆ. ನಿಮ್ಮ ಯಜಮಾನರಲ್ಲಿ ಅದು ಸ್ವಲ್ಪ ತಡವಾಗಿ ಹುಟ್ಟುತ್ತಿರಬಹುದು!

ಅವಸರಕ್ಕೆ ಬ್ರೇಕ್ ಹಾಕುವ ಕೆಲಸದಲ್ಲಿ ಮಿದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಉಂಡೆಗೆ ಪಾತ್ರವಿದೆ. ಎರಡು ಆಯ್ಕೆಗಳೂ ಚೆನ್ನಾಗಿಯೇ ಕಂಡು ಪೈಪೋಟಿ ಹೆಚ್ಚಾದಾಗ ಇದು "ತಡಿ, ಈಗಲೇ ಬೇಡ" ಎಂದು ತಡೆಹಿಡಿಯುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಇದೇ ಜಾಗಕ್ಕೆ ತಂತಿ ಇಳಿಸಿ ಕರೆಂಟ್ ಕೊಡುವ ಚಿಕಿತ್ಸೆ ಇದೆ, ನಡುಕ ಬಿಗಿತಗಳಿಗೆ ಒಳ್ಳೆಯ ಚಿಕಿತ್ಸೆ. ಮೈಕಲ್ ಫ್ರಾಂಕ್ ಮತ್ತು ಸಂಗಡಿಗರು 2007ರಲ್ಲಿ ಒಂದು ವಿಷಯ ಗಮನಿಸಿದರು. ಸಾಮಾನ್ಯವಾಗಿ ಕಷ್ಟದ ಆಯ್ಕೆ ಬಂದಾಗ ಎಲ್ಲರೂ ನಿಧಾನ ಮಾಡುತ್ತಾರಲ್ಲ, ಕರೆಂಟ್ ಚಾಲೂ ಇದ್ದಾಗ ಈ ರೋಗಿಗಳು ಹಾಗೆ ನಿಧಾನ ಮಾಡುತ್ತಿರಲಿಲ್ಲ. ಬ್ರೇಕ್ ಸಡಿಲವಾಗಿತ್ತು.

ಇನ್ನೂ ಒಂದು ಮಾತು. ಆಯ್ಕೆಗಳ ಸಂಖ್ಯೆ ಹೆಚ್ಚಾದಷ್ಟೂ ತಡ ಹೆಚ್ಚು. ಇದನ್ನು 1952ರಲ್ಲೇ ವಿಲಿಯಂ ಹಿಕ್ ಅಳೆದಿದ್ದರು: ಆಯ್ಕೆಗಳು ದುಪ್ಪಟ್ಟಾದ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟಷ್ಟೇ ಸಮಯ ಸೇರಿಕೊಳ್ಳುತ್ತಾ ಹೋಗುತ್ತದೆ. ಅವರು ಅಳೆದದ್ದು ದೀಪ ಕಂಡಾಗ ಗುಂಡಿ ಒತ್ತುವಂಥ ಚಿಕ್ಕ ಕೆಲಸಗಳನ್ನು, ಅಂಗಿಯನ್ನಲ್ಲ. ಆದರೂ ಮುಂದಿನ ಸಲ ಯಜಮಾನರ ಮುಂದೆ ಎರಡೇ ಅಂಗಿ ಇಟ್ಟು ನೋಡಿ.

ಪ್ರಶ್ನೆ: ಕೈ ಚಾಚಿ ಒಂದನ್ನು ಮುಟ್ಟಲು ಹೋಗಿ, ಅರ್ಧದಲ್ಲೇ ಇನ್ನೊಂದರ ಕಡೆ ತಿರುಗಿಸುತ್ತೇವೆ. ನಿರ್ಧಾರ ಮುಗಿದ ಮೇಲೂ ಮನಸ್ಸು ಬದಲಾಗುವುದು ಹೇಗೆ?

ಏಕೆಂದರೆ ಗೆರೆ ಮುಟ್ಟಿದ ಕ್ಷಣದಲ್ಲಿ ಕಣ್ಣಿನಿಂದ ಹೊರಟ ಒಂದಿಷ್ಟು ಮಾಹಿತಿ ಇನ್ನೂ ದಾರಿಯಲ್ಲೇ ಇರುತ್ತದೆ. ಕಂಡದ್ದು ಲೆಕ್ಕಕ್ಕೆ ಸೇರಲು ಒಂದಷ್ಟು ಮಿಲಿಸೆಕೆಂಡು ಬೇಕು. ಕೈ ಹೊರಟ ಮೇಲೆ ಆ ಕೊನೆಯ ಕಂತು ಬಂದು ಸೇರಿ, ಲೆಕ್ಕ ತಲೆಕೆಳಗಾದರೆ ಕೈ ನಡುದಾರಿಯಲ್ಲೇ ತಿರುಗುತ್ತದೆ. 2009ರಲ್ಲಿ ಶಾಡ್ಲೆನ್, ಡೇನಿಯಲ್ ವೋಲ್ಪರ್ಟ್ ಮತ್ತು ಜೊತೆಗಾರರು ಅದೇ ಚುಕ್ಕಿ ಆಟವನ್ನು ಮನುಷ್ಯರಿಗೆ ಕೊಟ್ಟು ಇದನ್ನು ತೋರಿಸಿದರು. ಹಾಗೆ ತಿರುಗಿಸಿದಾಗ ಹೆಚ್ಚಿನ ಸಲ ತಪ್ಪು ಸರಿಯಾಗುತ್ತಿತ್ತು. ಮನಸ್ಸು ಬದಲಿಸುವವರನ್ನು ಚಂಚಲ ಅಂತ ಬಯ್ಯುವ ಮುಂಚೆ ಇದು ನೆನಪಿರಲಿ.

ಪ್ರಶ್ನೆ: ಭಾವನೆಗಳನ್ನು ಪೂರ್ತಿ ಬದಿಗಿಟ್ಟರೆ ನಿರ್ಧಾರಗಳು ಸರಿಯಾಗುತ್ತವೆ ಅಲ್ಲವೇ? ನಾನು ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ.
*(ಯುವ ಉದ್ಯೋಗಿ)*

ಅಭ್ಯಾಸ ನಿಲ್ಲಿಸಿ. ಹಾಗೆ ಆದವರ ಕಥೆ ಸುಖದ್ದಲ್ಲ. ಆಂಟೋನಿಯೊ ಡಮಾಸಿಯೊ ಎಂಬ ನರತಜ್ಞರು ಎಲಿಯಟ್ ಎಂದು ಹೆಸರಿಟ್ಟು ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಹಣೆಯ ಹಿಂದಿನ ಗಡ್ಡೆಯನ್ನು ತೆಗೆಯುವಾಗ ಅಲ್ಲಿನ ಮಿದುಳಿನ ಭಾಗವೂ ಹೋಗಿತ್ತು. ಬುದ್ಧಿ ಪರೀಕ್ಷೆಗಳಲ್ಲಿ ಆತ ಚೆನ್ನಾಗಿಯೇ ಇದ್ದ, ನೆನಪು, ಮಾತು, ಲೆಕ್ಕ ಎಲ್ಲ ಸರಿ. ಭಾವನೆಗಳು ಮಾತ್ರ ಬತ್ತಿಹೋಗಿದ್ದವು. ಸಣ್ಣ ವಿಷಯಗಳನ್ನೂ ಹಿಡಿದು ಗಂಟೆಗಟ್ಟಲೆ ತೂಗುತ್ತಾ ಕೂರುತ್ತಿದ್ದ. ಕೆಲಸ ಹೋಯಿತು, ಸಂಸಾರ ಮುರಿಯಿತು. ಪುರಾವೆ ಬೇಕಾದಷ್ಟು ಇತ್ತು, ಯಾವುದು ಮುಖ್ಯ ಅಂತ ಹೇಳುವವರು ಇರಲಿಲ್ಲ.

ಚುಕ್ಕಿ ಆಟದಲ್ಲಿ ಪುರಾವೆ ಹೊರಗಿನಿಂದ ಬರುತ್ತದೆ. ಬದುಕಿನ ಹೆಚ್ಚಿನ ನಿರ್ಧಾರಗಳಲ್ಲಿ "ನನಗೆ ಇದು ಎಷ್ಟು ಬೇಕು" ಎಂಬುದೇ ಪುರಾವೆ, ಅದು ಒಳಗಿನಿಂದ ಬರಬೇಕು. 2006ರಲ್ಲಿ ಕಮಿಲೊ ಪಡೋವಾ-ಸ್ಕಿಯೋಪ್ಪಾ ಮತ್ತು ಜಾನ್ ಅಸಾದ್ ಮಂಗಗಳಿಗೆ ಬೇರೆ ಬೇರೆ ರಸಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಮುಂದಿಟ್ಟು ಆರಿಸಲು ಬಿಟ್ಟರು. ಕಣ್ಣಿನ ಗೂಡಿನ ಸ್ವಲ್ಪ ಮೇಲಿರುವ ಮಿದುಳಿನ ಭಾಗದಲ್ಲಿ ಕೆಲವು ಕೋಶಗಳು, ಯಾವ ರಸ, ಎಷ್ಟು ಎಂಬುದಕ್ಕಿಂತ ಆ ಮಂಗಕ್ಕೆ ಅದರ ಬೆಲೆ ಎಷ್ಟು ಎಂಬುದಕ್ಕೆ ತಕ್ಕಂತೆ ಮಿಡಿಯುತ್ತಿದ್ದವು. ಬೇರೆ ಬೇರೆ ವಸ್ತುಗಳನ್ನು ಒಂದೇ ಅಳತೆಗೆ ತಂದರೆ ತಾನೇ ಹೋಲಿಸಲು ಆಗುವುದು.

ಆ ಬೆಲೆಯನ್ನು ತಿದ್ದುತ್ತಾ ಇರುವುದರಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುವ ಕೋಶಗಳಿಗೆ ದೊಡ್ಡ ಪಾಲಿದೆ. ಅದನ್ನು ಸುಖದ ರಾಸಾಯನಿಕ ಅಂತ ಎಲ್ಲ ಕಡೆ ಬರೆಯುತ್ತಾರೆ, ನನಗೆ ಆ ವಿವರಣೆ ಸಾಲದು. ವೋಲ್ಫ್ರಾಂ ಶುಲ್ಟ್ಜ್ ಅವರ ಪ್ರಯೋಗಗಳಲ್ಲಿ ನಿರೀಕ್ಷೆ ಮಾಡದ ಬಹುಮಾನ ಬಂದಾಗ ಈ ಕೋಶಗಳು ಜೋರಾಗಿ ಮಿಡಿದವು. ನಿರೀಕ್ಷಿಸಿದ್ದೇ ಬಂದಾಗ ಮಾಮೂಲಿನಂತೆಯೇ ಇದ್ದವು. ನಿರೀಕ್ಷಿಸಿ ಬಾರದಿದ್ದಾಗ ಇದ್ದ ಮಿಡಿತವೂ ತಗ್ಗಿತು. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರದ ವರದಿ ಇದು. ಮುಂದಿನ ಸಲದ ಆಯ್ಕೆ ಈ ವರದಿಯ ಮೇಲೆ ತಿದ್ದಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ, ಡೋಪಮೈನ್‌ನ ಕೆಲಸವನ್ನು ತಾವೇ ಮಾಡುವ ಕೆಲವು ಮಾತ್ರೆಗಳಿಂದ ಒಂದಷ್ಟು ರೋಗಿಗಳಿಗೆ ಜೂಜಿನ ಹುಚ್ಚು, ಖರೀದಿಯ ಹುಚ್ಚು ಹತ್ತಿದ್ದಿದೆ. ಮನೆಯಲ್ಲಿ ಯಾರಾದರೂ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದು ಸ್ವಭಾವ ಹೀಗೆ ಬದಲಾಗಿದ್ದರೆ ನಾಚಿಕೆ ಪಡದೆ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ನಾವು ನಿರ್ಧರಿಸುವ ಮುಂಚೆಯೇ ಮಿದುಳು ನಿರ್ಧರಿಸಿರುತ್ತದೆ, ಆಮೇಲೆ ನಮಗೆ ತಿಳಿಸುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಹಾಗಾದರೆ ನಾವೆಲ್ಲ ಬೊಂಬೆಗಳೇ? ರಾತ್ರಿ ನಿದ್ದೆ ಬರುತ್ತಿಲ್ಲ.

ನಿದ್ದೆ ಮಾಡಿ, ವಿಷಯ ಅಷ್ಟು ಕೆಟ್ಟಿಲ್ಲ.

ನೀವು ನೋಡಿದ್ದು ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗದ ಬಗ್ಗೆ ಇರಬೇಕು. ತಲೆಯ ಮೇಲೆ ತಂತಿಗಳನ್ನು ಅಂಟಿಸಿಕೊಂಡ ಜನರಿಗೆ, ಇಷ್ಟ ಬಂದಾಗ ಮಣಿಕಟ್ಟು ಅಲ್ಲಾಡಿಸಿ ಎಂದು ಹೇಳಿದರು. ಎದುರಿಗೆ ಒಂದು ಚುಕ್ಕಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿತ್ತು. ಅಲ್ಲಾಡಿಸಬೇಕು ಎಂದು ಮೊದಲು ಅನಿಸಿದಾಗ ಚುಕ್ಕಿ ಎಲ್ಲಿತ್ತು ಅಂತ ಹೇಳಬೇಕು. ಜನರಿಗೆ ಹಾಗೆ ಅನಿಸಿದ್ದು ಅಲ್ಲಾಡಿಸುವುದಕ್ಕೆ ಸುಮಾರು 200 ಮಿಲಿಸೆಕೆಂಡು ಮುಂಚೆ. ಮಿದುಳಿನ ಸಿಗ್ನಲ್ ಏರಲು ಶುರುವಾದದ್ದು ಸುಮಾರು 550 ಮಿಲಿಸೆಕೆಂಡು ಮುಂಚೆ. ಅಂದರೆ ಮಿದುಳಿಗೆ ಮೊದಲೇ ಗೊತ್ತಿತ್ತು, ಮನುಷ್ಯನಿಗೆ ಆಮೇಲೆ ಗೊತ್ತಾಯಿತು ಎಂದು ಜಗತ್ತೆಲ್ಲ ಸುದ್ದಿ.

ಇದಕ್ಕೆ ಬೇರೆಯೇ ಒಂದು ವಿವರಣೆ 2012ರಲ್ಲಿ ಆರನ್ ಶೂರ್ಗರ್, ಜಾಕೊಬೊ ಸಿಟ್ ಮತ್ತು ಸ್ಟಾನಿಸ್ಲಾಸ್ ಡೆಹೇನ್ ಅವರಿಂದ ಬಂತು, ಮತ್ತು ಅದು ಇದೇ ಗೆರೆಯ ಲೆಕ್ಕ. ಲಿಬೆಟ್ ಆಟದಲ್ಲಿ ಈಗಲೇ ಅಲ್ಲಾಡಿಸಲು ಯಾವ ಕಾರಣವೂ ಇಲ್ಲ, ಆಮೇಲೆ ಅಲ್ಲಾಡಿಸಲೂ ಇಲ್ಲ. ಯಾವಾಗಾದರೂ ಆದೀತು. ಆಗ ಮಿದುಳಿನ ಸಹಜ ಗದ್ದಲ ಏರುತ್ತಾ ಇಳಿಯುತ್ತಾ ಇರುತ್ತದೆ, ಏರಿದ ಒಂದು ಸಲ ಗೆರೆ ಮುಟ್ಟುತ್ತದೆ, ಕೈ ಅಲ್ಲಾಡುತ್ತದೆ. ಈಗ ಕೈ ಅಲ್ಲಾಡಿದ ಕ್ಷಣಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಹಿಂದಕ್ಕೆ ಸರಾಸರಿ ತೆಗೆದರೆ ಏನು ಕಾಣುತ್ತದೆ? ಏರುತ್ತಾ ಬಂದ ರೇಖೆಯೇ ಕಾಣಬೇಕು, ಏಕೆಂದರೆ ಏರಿದ ಸಲಗಳನ್ನು ಮಾತ್ರ ಆರಿಸಿಕೊಂಡಿದ್ದೇವೆ. ಏರಿ ಗೆರೆ ಮುಟ್ಟದೆ ವಾಪಸ್ ಇಳಿದ ಸಲಗಳು ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ ಆ ಏರಿಕೆಯ ಶುರುವನ್ನೇ ನಿರ್ಧಾರ ಅನ್ನಲು ಆಗುವುದಿಲ್ಲ.

2008ರ ಇನ್ನೊಂದು ಪ್ರಯೋಗವನ್ನೂ ತುಂಬಾ ಜನ ಉದಾಹರಿಸುತ್ತಾರೆ. ಎಡಗೈ ಗುಂಡಿಯೋ ಬಲಗೈ ಗುಂಡಿಯೋ ಎಂಬುದನ್ನು ಸ್ಕ್ಯಾನ್ ನೋಡಿ ಹಲವು ಸೆಕೆಂಡು ಮುಂಚೆಯೇ ಹೇಳಿದರು ಅಂತ. ಹೇಳಿದ್ದು ನಿಜ, ಆದರೆ ಸರಿಯಾದದ್ದು ನೂರಕ್ಕೆ ಸುಮಾರು 60 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಅಷ್ಟಕ್ಕೂ ಬೊಂಬೆ ಅನ್ನಬೇಕಾದರೆ ದಾರ ಎಳೆಯುವವನು ಬೇರೆ ಯಾರೋ ಇರಬೇಕು. ಇಲ್ಲಿ ಎಳೆಯುತ್ತಿರುವುದೂ ನಿಮ್ಮದೇ ಮಿದುಳು. ಮದುವೆ, ಕೆಲಸ, ಸಾಲದಂಥ ವಿಷಯಗಳನ್ನು ತಿಂಗಳುಗಟ್ಟಲೆ ಯೋಚಿಸಿ ಮಾಡುವ ನಿರ್ಧಾರಗಳಿಗೂ, ಸುಮ್ನೆ ಮಣಿಕಟ್ಟು ಅಲ್ಲಾಡಿಸುವುದಕ್ಕೂ ಸಂಬಂಧ ಕಲ್ಪಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಪ್ರಶ್ನೆ: ಸಾರ್, ನಾನು ಎಂ.ಎಸ್ಸಿ ವಿದ್ಯಾರ್ಥಿನಿ. ನಮ್ಮ ನೋಟ್ಸ್‌ನಲ್ಲಿ "ನಿರ್ಧಾರ ನಡೆಯುವ ಸ್ಥಳ ಎಲ್ಐಪಿ" ಎಂದಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಬಹುದೇ?

ಬರೆಯಬೇಡಿ. 2016ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಲಿಯೋರ್ ಕಾಟ್ಜ್, ಅಲೆಕ್ಸ್ ಹುಕ್ ಮತ್ತು ಜೊತೆಗಾರರು ಒಂದು ಕೆಲಸ ಮಾಡಿದರು. ಔಷಧಿ ಹಾಕಿ ಮಂಗದ ಎಲ್ಐಪಿ ಕೋಶಗಳನ್ನು ಸ್ವಲ್ಪ ಹೊತ್ತು ಮಲಗಿಸಿ, ಚುಕ್ಕಿ ಆಟ ಆಡಿಸಿದರು. ಲೆಕ್ಕ ಕೂಡಿಸುತ್ತಿದ್ದವರೇ ಮಲಗಿದರೆ ಆಟ ಕೆಡಬೇಕಲ್ಲ? ಹೆಚ್ಚೇನೂ ಕೆಡಲಿಲ್ಲ. ಅದೇ ಎಂಟಿ ಪ್ರದೇಶವನ್ನು ಮಲಗಿಸಿದಾಗ ಸ್ಪಷ್ಟವಾಗಿ ಕೆಟ್ಟಿತು. ಕೋಶಗಳ ಮಿಡಿತ ನಿರ್ಧಾರದ ಜೊತೆ ಏರುವುದು ಬೇರೆ, ಆ ನಿರ್ಧಾರಕ್ಕೆ ಅವೇ ಬೇಕೇಬೇಕು ಎನ್ನುವುದು ಬೇರೆ. ಎಲ್ಐಪಿ ಇಲ್ಲದಾಗ ಬೇರೆ ಪ್ರದೇಶಗಳು ಆ ಕೆಲಸ ವಹಿಸಿಕೊಳ್ಳಬಲ್ಲವು ಎಂದು ವಾದಿಸುವವರಿದ್ದಾರೆ, ಅದಕ್ಕೆ ಬೆಂಬಲ ಕೊಡುವ ಪ್ರಯೋಗಗಳೂ ಆಮೇಲೆ ಬಂದಿವೆ. ಜೊತೆಗೆ 2015ರಲ್ಲಿ ಇನ್ನೊಂದು ಜಗಳ ಶುರುವಾಗಿತ್ತು. ನೂರಾರು ಸಲದ ಸರಾಸರಿ ತೆಗೆದಾಗ ಕಾಣುವ ಆ ನಯವಾದ ಏರಿಕೆ, ಒಂದೊಂದೇ ಸಲವನ್ನು ಬಿಡಿಯಾಗಿ ನೋಡಿದರೆ ಒಮ್ಮೆಲೇ ಹಾರುವ ಮೆಟ್ಟಿಲಾಗಿರಬಹುದು ಅಂತ. ಅದರ ವಾದ ಪ್ರತಿವಾದ ಓದಲು ಬಹಳ ಚೆನ್ನಾಗಿವೆ. ಸಮಯವಿದ್ದರೆ ಹುಡುಕಿ ಓದಿ.

ಇನ್ನೂ ಹೊಸದು ಬೇಕಾದರೆ 2025ರ ಸೆಪ್ಟೆಂಬರಿನಲ್ಲಿ ಇಂಟರ್‌ನ್ಯಾಷನಲ್ ಬ್ರೇನ್ ಲ್ಯಾಬೊರೇಟರಿ ಪ್ರಕಟಿಸಿದ ಕೆಲಸ ನೋಡಿ. ಹನ್ನೆರಡು ಪ್ರಯೋಗಾಲಯಗಳು ಒಂದೇ ಆಟ, ಒಂದೇ ಸಲಕರಣೆ ಇಟ್ಟುಕೊಂಡು 139 ಇಲಿಗಳ ಮಿದುಳಿನ 279 ಪ್ರದೇಶಗಳಿಂದ 6 ಲಕ್ಷಕ್ಕೂ ಹೆಚ್ಚು ನರಕೋಶಗಳ ಮಿಡಿತ ದಾಖಲಿಸಿದರು. ಪರದೆಯ ಎಡಕ್ಕೋ ಬಲಕ್ಕೋ ಪಟ್ಟೆಪಟ್ಟೆ ಚಿತ್ರ ಬಂದಾಗ ಇಲಿ ಪುಟ್ಟ ಚಕ್ರ ತಿರುಗಿಸಿ ಅದನ್ನು ನಡುವಿಗೆ ತರಬೇಕು. ಆಯ್ಕೆಯ ಗುರುತುಗಳು ಒಂದೆರಡು ಜಾಗದಲ್ಲಲ್ಲ, ಮಿದುಳಿನ ತುಂಬಾ ಹರಡಿದ್ದವು. ಚಿತ್ರ ಯಾವ ಕಡೆ ಬರಬಹುದು ಎಂಬ ಹಿಂದಿನ ಅನುಭವದ ನಿರೀಕ್ಷೆ ಕೂಡ, ಕಣ್ಣಿನ ಮಾಹಿತಿ ಮೊದಲು ಬಂದು ಸೇರುವ ಪ್ರದೇಶಗಳಲ್ಲೂ ಸಿಕ್ಕಿತು.

ಆದ್ದರಿಂದ ಪರೀಕ್ಷೆಯಲ್ಲಿ "ಎಲ್ಐಪಿಯ ಕೋಶಗಳು ಪುರಾವೆ ಕೂಡುವುದನ್ನು ತೋರಿಸುತ್ತವೆ" ಎಂದು ಬರೆಯಿರಿ, "ಅಲ್ಲೇ ನಿರ್ಧಾರ ಆಗುತ್ತದೆ" ಎಂದು ಬೇಡ. 2016ರ ಪ್ರಯೋಗವನ್ನು ಎರಡು ಸಾಲಿನಲ್ಲಿ ಸೇರಿಸಿ. ಮೌಲ್ಯಮಾಪನ ಮಾಡುವವರು ಹಳೆಯ ನೋಟ್ಸ್ ಇಟ್ಟುಕೊಂಡು ಅಂಕ ಕಳೆದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ.